ಪಿಜಿ ವಿದ್ಯಾರ್ಥಿಗಳಿಗೆ ಕೃತಿಚೌರ್ಯದ ಅರಿವು ಎಷ್ಟಿದೆ: ಅಳೆಯುವ ಬಗೆ

ಪ್ರಶ್ನೆ: ನಾನು ಒಂದು ವೈದ್ಯಕೀಯ ಕಾಲೇಜಿನ ಕಮ್ಯುನಿಟಿ ಮೆಡಿಸಿನ್ ವಿಭಾಗದಲ್ಲಿ ಸಹಾಯಕ ಪ್ರಾಧ್ಯಾಪಕಿ. ನಮ್ಮಲ್ಲಿ ಮೂರೂ ವರ್ಷದ ಪಿಜಿ ವಿದ್ಯಾರ್ಥಿಗಳು ಸೇರಿ ಸುಮಾರು 150 ಮಂದಿ ಇದ್ದಾರೆ. ಕೃತಿಚೌರ್ಯದ ಬಗ್ಗೆ ಅವರಿಗೆ ಎಷ್ಟು ಅರಿವಿದೆ ಎಂದು ಅಳೆಯಲು, ‘ಹೌದು’ ಅಥವಾ ‘ಅಲ್ಲ’ ಎಂದು ಉತ್ತರಿಸಬೇಕಾದ 20 ಪ್ರಶ್ನೆಗಳ ಗೂಗಲ್ ಫಾರ್ಮ್ ಮಾಡಿ 30 ಮಂದಿಗೆ ಪೈಲಟ್ ಆಗಿ ಕೊಟ್ಟೆ. ಬಹುತೇಕ ಎಲ್ಲರೂ 17ಕ್ಕಿಂತ ಹೆಚ್ಚು ಅಂಕ ಪಡೆದರು. ಆದರೆ ಅವರಲ್ಲೇ ಹಲವರ ಥೀಸಿಸ್ ಕರಡುಗಳಲ್ಲಿ ‘ರಿವ್ಯೂ ಆಫ್ ಲಿಟರೇಚರ್’ ಭಾಗವನ್ನು ಬೇರೆ ಲೇಖನಗಳಿಂದ ಪ್ಯಾರಾಗಟ್ಟಲೆ ಎತ್ತಿ ಇಡಲಾಗಿದೆ. ನನ್ನ ಪ್ರಶ್ನಾವಳಿಯಲ್ಲಿ ಏನು ತಪ್ಪಿದೆ? ಸಿದ್ಧ ಪ್ರಶ್ನಾವಳಿ ಯಾವುದಾದರೂ ಇದೆಯೇ? ಎಷ್ಟು ಮಂದಿಯನ್ನು ಸೇರಿಸಿಕೊಳ್ಳಬೇಕು? ಸಾಫ್ಟ್‌ವೇರ್ ತೋರಿಸುವ ಸಾಮ್ಯದ ಶೇಕಡಾವಾರನ್ನೇ ಅರಿವಿನ ಅಳತೆಯಾಗಿ ಬಳಸಬಹುದೇ?

ಉತ್ತರ: ಪೈಲಟ್‌ನ ಅಂಕಗಳಿಗೂ ಥೀಸಿಸ್ ಕರಡುಗಳಿಗೂ ನಡುವೆ ನಿಮಗೆ ಕಂಡ ಅಂತರವೇ ಈ ಅಧ್ಯಯನದ ನಿಜವಾದ ವಿಷಯ ಎಂದು ನಾನು ಭಾವಿಸುತ್ತೇನೆ, ಅದನ್ನು ಪ್ರಶ್ನಾವಳಿಯ ದೋಷವೆಂದು ತಿದ್ದಿ ಮರೆತುಬಿಡಬೇಡಿ. ಇನ್ನೊಬ್ಬರು ಬರೆದದ್ದನ್ನು ತನ್ನದೆಂದು ತೋರಿಸುವುದು ತಪ್ಪು ಎಂಬ ಮಾತನ್ನು ವಿದ್ಯಾರ್ಥಿಗಳು ಒಪ್ಪುತ್ತಾರೆಯೇ ಎಂಬುದಷ್ಟನ್ನೇ ನಿಮ್ಮ ಫಾರ್ಮ್ ಕೇಳಿದೆ, ಮತ್ತು ಎಂಬಿಬಿಎಸ್ ಮುಗಿಸಿ ನೀಟ್ ಬರೆದು ಬಂದ ಯಾವ ವಿದ್ಯಾರ್ಥಿಯೂ ಆ ಮಾತನ್ನು ಒಪ್ಪದೇ ಇರುವುದಿಲ್ಲ. ಆದರೆ ಅರಿವು ಎಂಬುದು ಆ ಒಪ್ಪಿಗೆಯಲ್ಲಿ ಇಲ್ಲ. ಕಣ್ಣೆದುರು ಇರುವ ಒಂದು ಪ್ಯಾರಾದಲ್ಲಿ, ಅದರಲ್ಲೂ ರಾತ್ರಿ ಡ್ಯೂಟಿ ಮುಗಿಸಿ ತಾನೇ ಟೈಪ್ ಮಾಡಿದ ಪ್ಯಾರಾದಲ್ಲಿ, ಇನ್ನೊಬ್ಬರ ಬರವಣಿಗೆ ಎಲ್ಲಿಂದ ಎಲ್ಲಿಯವರೆಗೆ ಇದೆ, ಅದಕ್ಕೆ ಕೊಟ್ಟಿರುವ ಋಣಸ್ವೀಕಾರ ಸಾಕೇ ಸಾಲದೇ ಎಂದು ಗುರುತಿಸಬಲ್ಲ ಸಾಮರ್ಥ್ಯವೇ ಅರಿವು. ಅಳೆಯಬೇಕಾದದ್ದು ಅದನ್ನು.

ಮೊದಲಿಗೆ, ‘ಅರಿವು’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಸೇರಿಹೋಗಿರುವ ನಾಲ್ಕು ಸಂಗತಿಗಳನ್ನು ಬಿಡಿಸಿಕೊಳ್ಳಿ. ವ್ಯಾಖ್ಯೆ ಮತ್ತು ನಿಯಮಗಳ ತಿಳಿವಳಿಕೆ ಒಂದು. ಬರಹದಲ್ಲಿ ಕೃತಿಚೌರ್ಯವನ್ನು ಗುರುತಿಸುವ ಸಾಮರ್ಥ್ಯ ಇನ್ನೊಂದು. ಅದರ ಬಗೆಗಿನ ಮನೋಭಾವ ಮತ್ತೊಂದು. ನಿಜವಾಗಿ ಬರೆಯುವಾಗಿನ ನಡವಳಿಕೆ ಕೊನೆಯದು. ಇವು ಒಂದರಿಂದ ಒಂದು ತಾನಾಗಿ ಹುಟ್ಟುವುದಿಲ್ಲ. ವ್ಯಾಖ್ಯೆಯನ್ನು ತಪ್ಪಿಲ್ಲದೆ ಹೇಳುವವರು ಗುರುತಿಸುವಾಗ ಎಡವಬಹುದು, ಗುರುತಿಸಬಲ್ಲವರು ಸಿನಾಪ್ಸಿಸ್ (ಥೀಸಿಸ್‌ನ ಆರಂಭಿಕ ಯೋಜನೆ) ಸಲ್ಲಿಸುವ ಹಿಂದಿನ ದಿನ ಸೀನಿಯರ್ ಒಬ್ಬರ ಫೈಲನ್ನೇ ತಿದ್ದಿ ಕೊಡಬಹುದು. ನಾಲ್ಕನ್ನೂ ಕೂಡಿಸಿ ಒಟ್ಟು ಅಂಕ ಕೊಡುವ ಪ್ರಶ್ನಾವಳಿ ಇವುಗಳಲ್ಲಿ ಯಾವುದನ್ನೂ ಸರಿಯಾಗಿ ಅಳೆಯುವುದಿಲ್ಲ.

ಇದು ನನ್ನ ಊಹೆಯ ಮಾತಲ್ಲ. ಕ್ರೊಯೇಷಿಯಾದ ರಿಯೆಕಾ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 198 ವೈದ್ಯಕೀಯ ವಿದ್ಯಾರ್ಥಿಗಳಿಗೆ ಲೇಖನಗಳನ್ನು ಕೊಟ್ಟು, ಅವುಗಳನ್ನು ಆಧರಿಸಿ ಪ್ರಬಂಧ ಬರೆಸಿ, ಮೂಲದೊಂದಿಗೆ ಸಾಫ್ಟ್‌ವೇರ್ ಮೂಲಕ ಹೋಲಿಸಿದರು. ಸ್ವಲ್ಪವೂ ನಕಲು ಮಾಡದವರು ಶೇ. 9ರಷ್ಟು ಮಾತ್ರ. ಅದೇ ತಂಡ ಮೂರು ವರ್ಷಗಳ ಬಳಿಕ ಪ್ರಕಟಿಸಿದ ಇನ್ನೊಂದು ಅಧ್ಯಯನದ ಫಲಿತಾಂಶ ನಿಮ್ಮ ಪ್ರಶ್ನೆಗೆ ಇನ್ನಷ್ಟು ಹತ್ತಿರದ್ದು: ಕೃತಿಚೌರ್ಯ ಎಂದರೇನು, ಅದನ್ನು ಏಕೆ ಮಾಡಬಾರದು ಎಂದು ವಿದ್ಯಾರ್ಥಿಗಳಿಗೆ ತಿಳಿಸಿ ಹೇಳಿದ್ದರಿಂದ ನಕಲು ಕಡಿಮೆಯಾಗಲಿಲ್ಲ, ಸಾಫ್ಟ್‌ವೇರ್‌ನಿಂದ ಪತ್ತೆ ಹಚ್ಚುತ್ತೇವೆ, ಸಿಕ್ಕಿಬಿದ್ದರೆ ದಂಡನೆ ಇದೆ ಎಂದು ಹೇಳಿದಾಗ ಮಾತ್ರ ಗಣನೀಯವಾಗಿ ಇಳಿಯಿತು. ತಿಳಿವಳಿಕೆಯನ್ನು ಅಳೆದು ನಡವಳಿಕೆಯ ಬಗ್ಗೆ ತೀರ್ಮಾನ ಕೊಡುವ ಪ್ರಬಂಧಗಳು ನಮ್ಮಲ್ಲಿ ಬಹಳ ಬರುತ್ತವೆ. ನಿಮ್ಮದು ಅವುಗಳ ಸಾಲಿಗೆ ಸೇರುವುದು ನನಗೆ ಇಷ್ಟವಿಲ್ಲ.

ಇನ್ನು ‘ಹೌದು–ಅಲ್ಲ’ ಮಾದರಿಯ ತೊಂದರೆಗಳು. 20 ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಗುರುತು ಹಾಕಿದರೂ ಸರಾಸರಿ 10 ಸರಿಯಾಗುತ್ತವೆ. ‘ಗೊತ್ತಿಲ್ಲ’ ಎಂಬ ಆಯ್ಕೆ ಇಲ್ಲದಿದ್ದರೆ ಊಹಿಸಿದವರು ಯಾರು, ತಿಳಿದವರು ಯಾರು ಎಂದು ಬೇರ್ಪಡಿಸಲಾಗುವುದಿಲ್ಲ. ಇದಕ್ಕಿಂತ ದೊಡ್ಡ ತೊಂದರೆ, ಇಂಥ ಫಾರ್ಮ್‌ಗಳಲ್ಲಿ ಹೆಚ್ಚಿನ ಪ್ರಶ್ನೆಗಳು ‘ಇದು ಕೃತಿಚೌರ್ಯವೇ?’ ಎಂದು ಕೇಳಿ ‘ಹೌದು’ ಎಂಬ ಉತ್ತರವನ್ನೇ ಸರಿಯೆಂದು ಎಣಿಸುತ್ತವೆ. ನಿಮ್ಮ ಫಾರ್ಮನ್ನು ಒಮ್ಮೆ ತೆರೆದು, ಸರಿಯುತ್ತರ ‘ಹೌದು’ ಆಗಿರುವ ಪ್ರಶ್ನೆಗಳು ಎಷ್ಟು ಎಂದು ಎಣಿಸಿ ನೋಡಿ. ಅವು 17 ಇದ್ದರೆ, ಎಲ್ಲದಕ್ಕೂ ‘ಹೌದು’ ಒತ್ತಿದ ವಿದ್ಯಾರ್ಥಿಗೆ ಏನೂ ಓದದೆಯೇ ಶೇ. 85 ಅಂಕ ಬರುತ್ತದೆ.

ಇದರ ಬದಲು ಪ್ಯಾರಾಗಳನ್ನೇ ಮುಂದಿಡಿ. ಒಂದು ಪುಟದ ಎಡಭಾಗದಲ್ಲಿ ಮೂಲ ಪ್ಯಾರಾ, ಬಲಭಾಗದಲ್ಲಿ ಒಬ್ಬ ಪಿಜಿ ತನ್ನ ಥೀಸಿಸ್‌ನಲ್ಲಿ ಬರೆದ ಪ್ಯಾರಾ. ಕೆಳಗೆ ‘ಇದು ಒಪ್ಪತಕ್ಕದ್ದು’, ‘ಇದು ಕೃತಿಚೌರ್ಯ’, ‘ಗೊತ್ತಿಲ್ಲ’ ಎಂಬ ಮೂರು ಆಯ್ಕೆ. ಥೀಸಿಸ್ ಇಂಗ್ಲಿಷಿನಲ್ಲಿ ಇರುವುದರಿಂದಲೂ, ಅಖಿಲ ಭಾರತ ಕೋಟಾದಲ್ಲಿ ಬಂದ ಕನ್ನಡ ಬಾರದ ವಿದ್ಯಾರ್ಥಿಗಳು ನಿಮ್ಮಲ್ಲಿ ಇರುವುದರಿಂದಲೂ, ಈ ಪ್ಯಾರಾಗಳು ಇಂಗ್ಲಿಷಿನಲ್ಲೇ ಇರಬೇಕು. ವಿಧಾನ ಸ್ಪಷ್ಟವಾಗಲೆಂದು ಇಲ್ಲಿ ಕನ್ನಡದಲ್ಲಿ ಒಂದು ಉದಾಹರಣೆ ಕಟ್ಟಿಕೊಡುತ್ತೇನೆ.

ಮೂಲ ಹೀಗಿದೆ ಎಂದುಕೊಳ್ಳಿ: ‘ಗರ್ಭಾವಸ್ಥೆಯಲ್ಲಿ ಪ್ಲಾಸ್ಮಾದ ಪ್ರಮಾಣವು ಕೆಂಪು ರಕ್ತಕಣಗಳಿಗಿಂತ ಹೆಚ್ಚಿನ ವೇಗದಲ್ಲಿ ಏರುವುದರಿಂದ ಹಿಮೋಗ್ಲೋಬಿನ್ ಮಟ್ಟ ಸಹಜವಾಗಿಯೇ ಇಳಿಯುತ್ತದೆ, ಈ ಇಳಿಕೆ ಎರಡನೇ ತ್ರೈಮಾಸಿಕದಲ್ಲಿ ಹೆಚ್ಚು ಎದ್ದು ಕಾಣುತ್ತದೆ.’

ಒಬ್ಬ ವಿದ್ಯಾರ್ಥಿ ಇದನ್ನು ಹೀಗೆ ಬರೆಯುತ್ತಾರೆ: ‘ಬಸಿರಿನ ಅವಧಿಯಲ್ಲಿ ಪ್ಲಾಸ್ಮಾದ ಪರಿಮಾಣವು ಕೆಂಪು ಕಣಗಳಿಗಿಂತ ಬೇಗ ಹೆಚ್ಚುವುದರಿಂದ ಹಿಮೋಗ್ಲೋಬಿನ್ ಪ್ರಮಾಣ ಸ್ವಾಭಾವಿಕವಾಗಿ ಕುಸಿಯುತ್ತದೆ, ಈ ಕುಸಿತ ಎರಡನೇ ತ್ರೈಮಾಸಿಕದಲ್ಲಿ ಹೆಚ್ಚು ಸ್ಪಷ್ಟವಾಗಿರುತ್ತದೆ (12).’ ಕೊನೆಯಲ್ಲಿ ಆಕರದ ಸಂಖ್ಯೆ ಇದೆ, ಪದಗಳೂ ಬದಲಾಗಿವೆ. ಆದರೆ ವಾಕ್ಯದ ಅಸ್ಥಿಪಂಜರ, ಅಲ್ಪವಿರಾಮದವರೆಗೂ, ಮೂಲ ಲೇಖಕರದ್ದೇ. ಇನ್ನೊಬ್ಬರು ಮೂಲವನ್ನು ಒಂದಕ್ಷರವೂ ಬಿಡದೆ ಇಳಿಸಿ, ಉದ್ಧರಣ ಚಿಹ್ನೆ ಹಾಕದೆ, ಕೊನೆಗೆ 12 ಎಂದು ಮಾತ್ರ ನಮೂದಿಸುತ್ತಾರೆ. ಮೂರನೆಯವರು ಬರೆಯುತ್ತಾರೆ: ‘ಎರಡನೇ ತ್ರೈಮಾಸಿಕದಲ್ಲಿ ಕಾಣುವ ಕಡಿಮೆ ಹಿಮೋಗ್ಲೋಬಿನ್ ಎಲ್ಲವೂ ರಕ್ತಹೀನತೆಯಲ್ಲ, ಪ್ಲಾಸ್ಮಾ ಹೆಚ್ಚಿ ರಕ್ತ ತೆಳುವಾಗುವುದೂ ಅದಕ್ಕೆ ಕಾರಣ (12). ಆದ್ದರಿಂದ ಈ ಅವಧಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ, ಡೆಸಿಲೀಟರಿಗೆ 10.5 ಗ್ರಾಂ ಎಂಬ ಮಿತಿಯನ್ನು ನಾವು ಅನುಸರಿಸಿದ್ದೇವೆ (13).’ ನಾಲ್ಕನೆಯವರು ‘ಗರ್ಭಿಣಿಯರಲ್ಲಿ ಹಿಮೋಗ್ಲೋಬಿನ್ ಸ್ವಲ್ಪ ಇಳಿಯುವುದು ಸಾಮಾನ್ಯ’ ಎಂದು ಯಾವ ಆಕರವನ್ನೂ ಕೊಡದೆ ಒಂದು ವಾಕ್ಯ ಬರೆಯುತ್ತಾರೆ.

ಮೊದಲ ಎರಡು ಕೃತಿಚೌರ್ಯದ ಬೇರೆ ಬೇರೆ ರೂಪಗಳು, ಮೂರನೆಯದು ಒಪ್ಪತಕ್ಕದ್ದು, ನಾಲ್ಕನೆಯದು ಎಲ್ಲ ವೈದ್ಯರಿಗೂ ತಿಳಿದ ಸಂಗತಿ, ಆಕರ ಕೊಟ್ಟರೆ ಒಳ್ಳೆಯದು, ಕೊಡದಿದ್ದರೆ ಕಳ್ಳತನವಲ್ಲ. ನಿಮ್ಮ ವಿದ್ಯಾರ್ಥಿಗಳು ಎಡವುವುದು ಮೊದಲನೆಯದರಲ್ಲಿ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ‘ರೆಫರೆನ್ಸ್ ಹಾಕಿದ್ದೇನಲ್ಲ ಮೇಡಂ’ ಎಂಬ ಉತ್ತರವನ್ನು ಕೇಳದ ಗೈಡ್ ಇರಲಾರರು, ಮತ್ತು ಹಾಗೆ ಹೇಳುವ ವಿದ್ಯಾರ್ಥಿ ಸುಳ್ಳು ಹೇಳುತ್ತಿರುವುದಿಲ್ಲ. ಆಕರದ ಸಂಖ್ಯೆ ವಿಚಾರಕ್ಕೆ ಋಣ ಸಲ್ಲಿಸುತ್ತದೆ, ವಾಕ್ಯರಚನೆಗೆ ಸಲ್ಲಿಸುವುದಿಲ್ಲ ಎಂದು ಅವರಿಗೆ ಯಾರೂ ತೋರಿಸಿಕೊಟ್ಟಿರುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಮಿಗೆಲ್ ರೋಯಿಗ್ 1990ರ ದಶಕದಲ್ಲೇ ಇದೇ ವಿಧಾನ ಬಳಸಿ, ಒಂದು ಮೂಲ ಪ್ಯಾರಾ ಮತ್ತು ಅದರ ಹಲವು ಪುನರ್‌ಲೇಖನಗಳನ್ನು ಪದವಿ ವಿದ್ಯಾರ್ಥಿಗಳ ಮುಂದಿಟ್ಟಾಗ, ಪದ ಬದಲಿಸಿದ ನಕಲನ್ನು ಸರಿಯಾದ ಬರವಣಿಗೆ ಎಂದೇ ಹೇಳಿದವರು ಅನೇಕರಿದ್ದರು.

ಇಂಥ 16 ಪ್ಯಾರಾಗಳು ಸಾಕು, ಅರ್ಧ ಗಂಟೆಯೊಳಗೆ ಮುಗಿಯುತ್ತವೆ. ಆದರೆ ಅವುಗಳಲ್ಲಿ ಎಂಟು ಕೃತಿಚೌರ್ಯದವು, ಎಂಟು ಒಪ್ಪತಕ್ಕವು ಇರಬೇಕು, ಮತ್ತು ಅಂಕಗಳನ್ನು ಒಟ್ಟು ಮೊತ್ತವಾಗಿ ಮಾತ್ರ ಕೊಡಬಾರದು. ಡಯಗ್ನೋಸ್ಟಿಕ್ ಪರೀಕ್ಷೆಯೊಂದನ್ನು ನಾವು ಹೇಗೆ ಪರಿಶೀಲಿಸುತ್ತೇವೆಯೋ ಹಾಗೆಯೇ ಪ್ರತಿ ವಿದ್ಯಾರ್ಥಿಯ ಸೆನ್ಸಿಟಿವಿಟಿ ಮತ್ತು ಸ್ಪೆಸಿಫಿಸಿಟಿಯನ್ನು ಲೆಕ್ಕ ಹಾಕಿ: ಕೃತಿಚೌರ್ಯವನ್ನು ಕೃತಿಚೌರ್ಯವೆಂದು ಎಷ್ಟು ಸಲ ಹೇಳಿದರು, ಸರಿಯಾದದ್ದನ್ನು ಸರಿಯೆಂದು ಎಷ್ಟು ಸಲ ಬಿಟ್ಟುಕೊಟ್ಟರು. ಎಂಟಕ್ಕೆ ಎಂಟು ಕೃತಿಚೌರ್ಯವನ್ನೂ ಹಿಡಿದು, ಸರಿಯಾದ ಎಂಟರಲ್ಲಿ ಎರಡನ್ನು ಮಾತ್ರ ಸರಿಯೆಂದ ವಿದ್ಯಾರ್ಥಿಯ ಸೆನ್ಸಿಟಿವಿಟಿ 1, ಸ್ಪೆಸಿಫಿಸಿಟಿ 0.25, ಎರಡನ್ನೂ ಕೂಡಿಸಿ 1 ಕಳೆದಾಗ ಸಿಗುವ ಯೂಡನ್ ಸೂಚ್ಯಂಕ 0.25. ಎರಡೂ ಕಡೆ ಆರಾರು ಸರಿ ಹೇಳಿದವರಿಗೆ ಅದು 0.50. ಮೊದಲನೆಯವರಲ್ಲಿ ಇರುವುದು ಅರಿವಲ್ಲ, ಭಯ. ಎಲ್ಲವೂ ಕಳ್ಳತನವಿರಬಹುದು ಎಂಬ ಆ ಭಯ ಬರವಣಿಗೆಗೆ ಒಳ್ಳೆಯದನ್ನು ಮಾಡುವುದಿಲ್ಲ. ಪ್ರತಿ ಪದಕ್ಕೂ ಸಮಾನಾರ್ಥಕ ಹುಡುಕಿ ಅರ್ಥವನ್ನೇ ಕೆಡಿಸಿದ ಥೀಸಿಸ್‌ಗಳು ಹುಟ್ಟುವುದು ಇಲ್ಲಿಂದಲೇ. ನಿಮ್ಮ ವರದಿಯಲ್ಲಿ ಈ ಎರಡು ಬಗೆಯ ವಿದ್ಯಾರ್ಥಿಗಳನ್ನು ಬೇರೆ ಬೇರೆಯಾಗಿ ತೋರಿಸಿದರೆ, ಮುಂದಿನ ತರಬೇತಿ ಯಾರಿಗೆ ಯಾವುದು ಬೇಕೆಂಬುದು ತಾನಾಗಿ ತಿಳಿಯುತ್ತದೆ.

ಪ್ಯಾರಾಗಳನ್ನು ಆರಿಸುವಾಗ ಪಿಜಿ ಜೀವನದಲ್ಲಿ ನಿಜವಾಗಿ ಎದುರಾಗುವ ಸನ್ನಿವೇಶಗಳು ಬರಲಿ. ಸೀನಿಯರ್‌ನ ಥೀಸಿಸ್‌ನಿಂದ ‘ಮೆಟೀರಿಯಲ್ಸ್ ಅಂಡ್ ಮೆಥಡ್ಸ್’ ಭಾಗವನ್ನು ಊರು ಮತ್ತು ವರ್ಷ ಬದಲಿಸಿ ತೆಗೆದುಕೊಳ್ಳುವುದು. ಪಠ್ಯಪುಸ್ತಕದ ರೇಖಾಚಿತ್ರವನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಆಕರವಿಲ್ಲದೆ ಹಾಕುವುದು. ಮೂಲ ಲೇಖನವನ್ನು ಓದದೆ, ಇನ್ನೊಂದು ಲೇಖನದ ಆಕರಪಟ್ಟಿಯಿಂದ ಅದರ ಹೆಸರನ್ನು ಮಾತ್ರ ಎತ್ತಿಕೊಳ್ಳುವುದು. ಎಐ ಸಾಧನಕ್ಕೆ ಪ್ಯಾರಾ ಕೊಟ್ಟು ಬೇರೆ ಪದಗಳಲ್ಲಿ ಬರೆಸಿಕೊಳ್ಳುವುದು. ಕೊನೆಯದನ್ನು ಬಿಡಬೇಡಿ. ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದದ್ದು 2022ರ ನವೆಂಬರ್‌ನಲ್ಲಿ. ಅದಕ್ಕೂ ಮೊದಲು ರಚಿತವಾದ ಪ್ರಶ್ನಾವಳಿಗಳಲ್ಲಿ ಇದರ ಸುಳಿವೇ ಇಲ್ಲ.

ಎದುರು ಪಕ್ಕದಲ್ಲಿ, ತಪ್ಪಲ್ಲದೆಯೂ ತಪ್ಪಿನಂತೆ ಕಾಣುವ ಸನ್ನಿವೇಶಗಳೂ ಬೇಕು. ತನ್ನದೇ ಸಿನಾಪ್ಸಿಸ್‌ನ ಪ್ಯಾರಾಗಳನ್ನು ತನ್ನ ಥೀಸಿಸ್‌ನಲ್ಲಿ ಬಳಸುವುದು, ಎಥಿಕ್ಸ್ ಕಮಿಟಿ ಕೊಟ್ಟ ಮಾದರಿಯಂತೆ ಕನ್ನಡದ ಒಪ್ಪಿಗೆ ಪತ್ರ ಸಿದ್ಧಪಡಿಸುವುದು, ರೋಗನಿರ್ಣಯದ ಮಾನದಂಡಗಳನ್ನು ಆಕರ ಹೇಳಿ ಇದ್ದಂತೆಯೇ ಕೊಡುವುದು. ಕೆಲವು ಸಂಗತಿಗಳಲ್ಲಿ ತಜ್ಞರಿಗೇ ಒಮ್ಮತವಿಲ್ಲ; ವಿಭಾಗದಲ್ಲಿ ವರ್ಷಗಳಿಂದ ಎಲ್ಲರೂ ಬಳಸುವ ಕೇಸ್ ಪ್ರೊಫಾರ್ಮಾ ಯಾರದ್ದು ಎಂಬುದು ಅಂಥದ್ದು. ಅವುಗಳನ್ನು ಕೇಳಿ, ಆದರೆ ಅಂಕಕ್ಕೆ ಸೇರಿಸಬೇಡಿ. ಯಾವುದು ಸರಿ, ಯಾವುದು ತಪ್ಪು ಎಂಬ ಕೀಲಿಯನ್ನು ನೀವೊಬ್ಬರೇ ನಿರ್ಧರಿಸದೆ, ಬೇರೆ ಬೇರೆ ವಿಭಾಗಗಳ ಐದಾರು ಅನುಭವಿ ಗೈಡ್‌ಗಳಿಗೆ ಪ್ರತ್ಯೇಕವಾಗಿ ಕೊಟ್ಟು, ಎಲ್ಲರೂ ಒಪ್ಪಿದ ಪ್ಯಾರಾಗಳನ್ನು ಮಾತ್ರ ಉಳಿಸಿಕೊಳ್ಳಿ.

ಹೀಗೆ ಕೊಟ್ಟಾಗ ಗೈಡ್‌ಗಳ ನಡುವೆಯೇ ಭಿನ್ನಾಭಿಪ್ರಾಯ ಕಂಡುಬಂದರೆ ಅದನ್ನು ಅಡ್ಡಿಯೆಂದು ಎಣಿಸಬೇಡಿ, ಅದನ್ನೂ ದಾಖಲಿಸಿ. ಅದೇ ರೋಯಿಗ್ 2001ರಲ್ಲಿ ಪ್ರಾಧ್ಯಾಪಕರ ಮೇಲೆ ನಡೆಸಿದ ಅಧ್ಯಯನದಲ್ಲಿ ಅವರ ಮಾನದಂಡಗಳೂ ಒಂದೇ ಆಗಿರಲಿಲ್ಲ, ಮತ್ತು ಓದಲು ಕಷ್ಟವಾದ ತಾಂತ್ರಿಕ ಪ್ಯಾರಾ ಕೊಟ್ಟು ಸ್ವಂತ ಮಾತಿನಲ್ಲಿ ಬರೆಯಿರಿ ಎಂದಾಗ ಅವರಲ್ಲೂ ಕೆಲವರು ಮೂಲದ ಪದಸರಣಿಯನ್ನೇ ಎತ್ತಿಕೊಂಡಿದ್ದರು. ನನ್ನ ಅಭಿಪ್ರಾಯದಲ್ಲಿ, ಪಿಜಿಗಳ ಅರಿವನ್ನು ಅಳೆಯುವ ಯಾವ ಅಧ್ಯಯನವೂ ಅವರ ಗೈಡ್‌ಗಳನ್ನು ಹೊರಗಿಡಬಾರದು. ವಿದ್ಯಾರ್ಥಿ ನಿಯಮ ಕಲಿಯುವುದು ಸುತ್ತೋಲೆಯಿಂದಲ್ಲ. ಗೈಡ್ ಯಾವುದಕ್ಕೆ ಸಹಿ ಹಾಕುತ್ತಾರೆ, ಯಾವುದನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿ ಹಿಂದಿರುಗಿಸುತ್ತಾರೆ ಎಂಬುದರಿಂದ. ಎರಡೂ ಗುಂಪುಗಳಿಗೆ ಅದೇ 16 ಪ್ಯಾರಾಗಳನ್ನು ಕೊಟ್ಟು ಹೋಲಿಸಿದರೆ, ನಿಮ್ಮ ಕಾಲೇಜಿನಲ್ಲಿ ಒಂದು ಸಮಾನ ಮಾನದಂಡ ಇದೆಯೇ ಇಲ್ಲವೇ ಎಂಬುದು ಗೊತ್ತಾಗುತ್ತದೆ. ಅದು ಇಲ್ಲವೆಂದಾದರೆ ವಿದ್ಯಾರ್ಥಿಗಳ ಕಡಿಮೆ ಅಂಕಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಇನ್ನೂ ಒಂದು ಅಂಶವನ್ನು ಸೇರಿಸಲು ಒತ್ತಾಯಿಸುತ್ತೇನೆ. ಗುರುತಿಸಲು ಬಂದರೂ ಬರೆಯಲು ಬಾರದ ವಿದ್ಯಾರ್ಥಿಗಳಿದ್ದಾರೆ. ಇಂಗ್ಲಿಷ್ ಅವರ ಓದಿನ ಭಾಷೆ, ಬರವಣಿಗೆಯ ಭಾಷೆ ಅಲ್ಲ. ಎಂಬಿಬಿಎಸ್‌ನ ಉದ್ದಕ್ಕೂ ಅವರು ಬರೆದದ್ದು ಪಾಯಿಂಟ್‌ಗಳ ಉತ್ತರಗಳನ್ನು, ಕೇಸ್ ಶೀಟ್‌ಗಳನ್ನು. ಮೂಲದ ವಾಕ್ಯವನ್ನು ಬಿಟ್ಟು ತಮ್ಮದೊಂದು ವಾಕ್ಯ ಕಟ್ಟಲು ಅವರಿಗೆ ಧೈರ್ಯ ಸಾಲುವುದಿಲ್ಲ. ಇವರನ್ನು ಅರಿವಿಲ್ಲದವರು ಎಂದು ಲೆಕ್ಕ ಹಾಕಿದರೆ ಅನ್ಯಾಯವಾಗುತ್ತದೆ, ಅಪ್ರಾಮಾಣಿಕರು ಎಂದರೆ ಇನ್ನೂ ದೊಡ್ಡ ಅನ್ಯಾಯ. ಆದ್ದರಿಂದ ನೂರು ಪದಗಳ ಒಂದು ಪ್ಯಾರಾ ಕೊಟ್ಟು, ಅದರ ಸಾರವನ್ನು ಆಕರಸಹಿತವಾಗಿ ನಾಲ್ಕೈದು ವಾಕ್ಯಗಳಲ್ಲಿ ಬರೆಯಲು ಹೇಳಿ. ಹೆಸರು, ವರ್ಷ ಯಾವುದೂ ಕಾಣದಂತೆ ಮಾಡಿ ಇಬ್ಬರು ಮೌಲ್ಯಮಾಪಕರು ಪ್ರತ್ಯೇಕವಾಗಿ ಅಂಕ ನೀಡಲಿ. ಅವರಿಬ್ಬರ ನಡುವಿನ ಹೊಂದಿಕೆಯನ್ನು ಕಪ್ಪಾ ಮೌಲ್ಯದಿಂದ ತೋರಿಸಿ. ಗುರುತಿಸುವಲ್ಲಿ ಹೆಚ್ಚು, ಬರೆಯುವಲ್ಲಿ ಕಡಿಮೆ ಅಂಕ ಪಡೆದವರಿಗೆ ನೀತಿಪಾಠದ ಅಗತ್ಯವಿಲ್ಲ, ಬರವಣಿಗೆಯ ಅಭ್ಯಾಸ ಬೇಕು.

ನಿಯಮಗಳ ತಿಳಿವಳಿಕೆಗೆ ಐದಾರು ಪ್ರಶ್ನೆಗಳು ಸಾಕು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ ಥೀಸಿಸ್‌ನಲ್ಲಿ ಶೇ. 10ರವರೆಗಿನ ಸಾಮ್ಯಕ್ಕೆ ದಂಡನೆ ಇಲ್ಲ, ಶೇ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳು ಮೀರದಂತೆ ನಿಗದಿಪಡಿಸಿದ ಅವಧಿಯಲ್ಲಿ ತಿದ್ದಿದ ಪ್ರತಿಯನ್ನು ಸಲ್ಲಿಸಬೇಕು, ಶೇ. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು. ಉದ್ಧರಣ ಚಿಹ್ನೆಯೊಳಗಿನ ಆಕರಸಹಿತ ಬರಹ, ಆಕರಪಟ್ಟಿ, ಕೃತಜ್ಞತೆ, ಸಾಮಾನ್ಯ ಪರಿಭಾಷೆ, ಹದಿನಾಲ್ಕು ಪದಗಳವರೆಗಿನ ಕಾಕತಾಳೀಯ ಹೊಂದಿಕೆ ಇವು ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ವಿಶ್ವವಿದ್ಯಾಲಯದ ಸುತ್ತೋಲೆಯಲ್ಲಿ ಬೇರೆ ಮಿತಿ ಇದ್ದರೆ ಅದನ್ನೇ ಆಧಾರವಾಗಿ ಇಟ್ಟುಕೊಳ್ಳಿ. ಈ ಭಾಗದಲ್ಲಿ ತಪ್ಪದೆ ಕೇಳಬೇಕಾದ ಹೇಳಿಕೆ ಒಂದಿದೆ: ‘ಥೀಸಿಸ್‌ನ ಶೇ. 10ರಷ್ಟನ್ನು ನಕಲು ಮಾಡಲು ನಿಯಮ ಅವಕಾಶ ಕೊಟ್ಟಿದೆ.’ ದಂಡನೆ ಇಲ್ಲ ಎಂಬುದನ್ನು ಅನುಮತಿ ಇದೆ ಎಂದು ಓದಿಕೊಂಡವರು ಎಷ್ಟು ಮಂದಿ ಎಂಬುದು ಈ ಒಂದು ಪ್ರಶ್ನೆಯಿಂದಲೇ ಹೊರಬರುತ್ತದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಪಿಜಿ ನಿಯಮಾವಳಿ ಸಂಶೋಧನಾ ವಿಧಾನದ ಆನ್‌ಲೈನ್ ಕೋರ್ಸನ್ನು ಕಡ್ಡಾಯ ಮಾಡಿರುವುದರಿಂದ, ಅದನ್ನು ಮುಗಿಸಿದ್ದಾರೆಯೇ ಎಂದೂ ಕೇಳಿ. ಮುಗಿಸಿದವರಿಗೂ ಮುಗಿಸದವರಿಗೂ ನಿಯಮದ ಪ್ರಶ್ನೆಗಳಲ್ಲಿ ಕಾಣುವ ವ್ಯತ್ಯಾಸ ಪ್ಯಾರಾ ಗುರುತಿಸುವಲ್ಲಿಯೂ ಕಾಣುತ್ತದೆಯೇ ಎಂಬುದು ತಿಳಿಯಬೇಕಾದ ಸಂಗತಿ.

ಸಾಫ್ಟ್‌ವೇರ್‌ನ ಶೇಕಡಾವಾರನ್ನು ಅರಿವಿನ ಅಳತೆಯಾಗಿ ಬಳಸಬೇಡಿ. ಆ ವರದಿ ತೋರಿಸುವುದು ಪದಗಳ ಹೊಂದಿಕೆಯನ್ನು. ಅದು ಕೃತಿಚೌರ್ಯವೇ ಎಂಬುದನ್ನು ಮನುಷ್ಯರೇ ಓದಿ ನಿರ್ಧರಿಸಬೇಕು. ಸಾಮ್ಯ ಶೇ. 28 ಬಂದ ಥೀಸಿಸ್‌ನಲ್ಲಿ ಅದರ ಬಹುಪಾಲು ಆಕರಪಟ್ಟಿ, ಮಾನದಂಡಗಳು, ಸಂಸ್ಥೆಯ ಹೆಸರು, ಪ್ರಮಾಣಪತ್ರಗಳ ಒಕ್ಕಣೆ ಆಗಿರಬಹುದು, ಶೇ. 8 ಬಂದದ್ದರಲ್ಲಿ ಚರ್ಚೆಯ ಅಧ್ಯಾಯದ ಮುಖ್ಯ ಪ್ಯಾರಾವೇ ಎತ್ತಿದ್ದಾಗಿರಬಹುದು. ಹಣ ಕೊಟ್ಟು ಸಾಮ್ಯ ಇಳಿಸಿಕೊಂಡ ಕರಡಿನ ಶೇಕಡಾವಾರು ವಿದ್ಯಾರ್ಥಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಜೊತೆಗೆ, ಆ ಸಂಖ್ಯೆಯನ್ನು ವಿದ್ಯಾರ್ಥಿಯ ಉತ್ತರಗಳೊಂದಿಗೆ ಜೋಡಿಸಬೇಕಾದರೆ ಹೆಸರು ಬೇಕಾಗುತ್ತದೆ; ಹೆಸರು ಕೇಳಿದರೆ ಪ್ರಾಮಾಣಿಕ ಉತ್ತರ ಸಿಗುವುದಿಲ್ಲ.

ಮನೋಭಾವವನ್ನು ಅಳೆಯಲು ಸಿದ್ಧ ಪ್ರಶ್ನಾವಳಿ ಇದೆ. ಮೊದಲು ಹೇಳಿದ ರಿಯೆಕಾದಲ್ಲೇ ಮಾರ್ಟಿನಾ ಮಾವ್ರಿನಾಚ್ ಮತ್ತು ಸಹೋದ್ಯೋಗಿಗಳು ರೂಪಿಸಿ 2010ರಲ್ಲಿ ಪ್ರಕಟಿಸಿದ ‘ಆಟಿಟ್ಯೂಡ್ಸ್ ಟುವರ್ಡ್ಸ್ ಪ್ಲೇಜಿಯರಿಸಂ’ ಪ್ರಶ್ನಾವಳಿಯಲ್ಲಿ 29 ಹೇಳಿಕೆಗಳಿವೆ. ಪ್ರತಿಯೊಂದಕ್ಕೂ ಒಪ್ಪುತ್ತೇನೆ, ಒಪ್ಪುವುದಿಲ್ಲ ಎಂಬ ಐದು ಹಂತದ ಉತ್ತರ. ಅವುಗಳಲ್ಲಿ 12 ಕೃತಿಚೌರ್ಯವನ್ನು ಸಮರ್ಥಿಸುವ ಮನೋಭಾವಕ್ಕೆ, 7 ಅದನ್ನು ಖಂಡಿಸುವ ಮನೋಭಾವಕ್ಕೆ, 10 ಸುತ್ತಲಿನವರು ಏನು ಮಾಡುತ್ತಾರೆ, ಏನನ್ನು ಸಹಿಸುತ್ತಾರೆ ಎಂಬ ನಂಬಿಕೆಗೆ ಸಂಬಂಧಿಸಿದವು. ನಮ್ಮ ದಾವಣಗೆರೆಯ ದಂತ ವೈದ್ಯಕೀಯ ಪಿಜಿಗಳು ಮತ್ತು ಅಧ್ಯಾಪಕರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಇದನ್ನೇ ಬಳಸಲಾಗಿದೆ. ಹಾಗಾಗಿ ಹೋಲಿಕೆಗೆ ನಿಮಗೆ ಹತ್ತಿರದ ಆಧಾರವಿದೆ. ಮೂರು ಭಾಗಗಳ ಅಂಕಗಳನ್ನು ಕೂಡಿಸಬೇಡಿ, ಮೂರನ್ನೂ ಬೇರೆ ಬೇರೆಯಾಗಿಯೇ ವರದಿ ಮಾಡಿ. ಮೂರನೆಯ ಭಾಗವನ್ನು ನಾನು ಬಹಳ ಮುಖ್ಯವೆಂದು ಪರಿಗಣಿಸುತ್ತೇನೆ, ಏಕೆಂದರೆ ‘ಎಲ್ಲರೂ ಹೀಗೇ ಮಾಡುತ್ತಾರೆ’ ಎಂಬ ನಂಬಿಕೆ ವಿಭಾಗದಿಂದ ವಿಭಾಗಕ್ಕೆ, ಬ್ಯಾಚಿನಿಂದ ಬ್ಯಾಚಿಗೆ ದಾಟುತ್ತದೆ. ಮೂಲ ಲೇಖಕರಿಗೆ ಪತ್ರ ಬರೆದು ಅನುಮತಿ ಪಡೆಯಿರಿ ಮತ್ತು ವರದಿಯಲ್ಲಿ ಅದನ್ನು ನಮೂದಿಸಿ.

ಎಷ್ಟು ಮಂದಿ ಬೇಕು ಎಂಬುದಕ್ಕೆ: ಪ್ರಮಾಣ ಶೇ. 50, ದೋಷದ ಅಂಚು ಶೇ. 5 ಎಂದಿಟ್ಟರೆ ಮಾದರಿ ಗಾತ್ರದ ಸೂತ್ರ 384 ಎನ್ನುತ್ತದೆ. ನಿಮ್ಮ ಒಟ್ಟು ಸಂಖ್ಯೆ 150 ಆದ್ದರಿಂದ ಸೀಮಿತ ಸಮೂಹದ ತಿದ್ದುಪಡಿಯ ನಂತರ ಅದು ಸುಮಾರು 108ಕ್ಕೆ ಇಳಿಯುತ್ತದೆ. ಆದರೆ 150ರಲ್ಲಿ 108 ಮಂದಿಯನ್ನು ಆರಿಸುವ ಬದಲು ಎಲ್ಲರನ್ನೂ ಆಹ್ವಾನಿಸುವುದೇ ಸರಳ. ಹೊಸ ಪ್ಯಾರಾಗಳ ಪೈಲಟನ್ನು ನಿಮ್ಮಲ್ಲಿ ಮಾಡಬೇಡಿ, ಹಾಸ್ಟೆಲ್‌ನಲ್ಲಿ ಒಂದೇ ಸಂಜೆಯಲ್ಲಿ ಎಲ್ಲರಿಗೂ ತಿಳಿದುಹೋಗುತ್ತದೆ. ಪಕ್ಕದ ಬೇರೆ ಕಾಲೇಜಿನ 30 ಮಂದಿಯನ್ನು ಕೇಳಿ. ಪೈಲಟ್‌ನಲ್ಲಿ ಶೇ. 90ಕ್ಕಿಂತ ಹೆಚ್ಚು ಮಂದಿ ಸರಿಯಾಗಿ ಉತ್ತರಿಸಿದ ಪ್ಯಾರಾವನ್ನು ಕೈಬಿಡಿ, ಅದು ಯಾರನ್ನೂ ಯಾರಿಂದಲೂ ಬೇರ್ಪಡಿಸುವುದಿಲ್ಲ. ಹೆಚ್ಚು ಅಂಕ ಪಡೆದವರೇ ತಪ್ಪಾಗಿ, ಕಡಿಮೆ ಅಂಕ ಪಡೆದವರೇ ಸರಿಯಾಗಿ ಉತ್ತರಿಸಿದ ಪ್ಯಾರಾ ಇದ್ದರೆ ದೋಷ ಪ್ಯಾರಾದಲ್ಲಿದೆ. ಸರಿ–ತಪ್ಪು ಮಾದರಿಯ ಉತ್ತರಗಳ ಆಂತರಿಕ ಹೊಂದಿಕೆಗೆ (ಎಲ್ಲ ಪ್ರಶ್ನೆಗಳೂ ಒಂದೇ ಸಂಗತಿಯನ್ನು ಅಳೆಯುತ್ತಿವೆಯೇ ಎಂದು ನೋಡಲು) ಕೂಡರ್–ರಿಚರ್ಡ್‌ಸನ್ 20 ಸೂತ್ರವನ್ನೂ, ಮನೋಭಾವದ ಭಾಗಗಳಿಗೆ ಕ್ರೋನ್‌ಬಾಕ್ ಆಲ್ಫಾವನ್ನೂ ಬಳಸಿ. ಶೇ. 75ಕ್ಕಿಂತ ಮೇಲೆ ‘ಉತ್ತಮ’, 50ಕ್ಕಿಂತ ಕೆಳಗೆ ‘ಕಳಪೆ’ ಎಂದು ಗೆರೆ ಎಳೆಯುವ ರೂಢಿಗೆ ಯಾವ ಆಧಾರವೂ ಇಲ್ಲ. ಪ್ರತಿ ಪ್ಯಾರಾಗೆ ಎಷ್ಟು ಮಂದಿ ಏನು ಉತ್ತರಿಸಿದರು ಎಂಬ ಕೋಷ್ಟಕ ಅದಕ್ಕಿಂತ ಹೆಚ್ಚನ್ನು ಹೇಳುತ್ತದೆ.

ಗೌಪ್ಯತೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗೂಗಲ್ ಫಾರ್ಮ್‌ನಲ್ಲಿ ಇಮೇಲ್ ಸಂಗ್ರಹವನ್ನು ನಿಲ್ಲಿಸಿದರೆ ಸಾಲದು. ನಿಮ್ಮ ಚರ್ಮರೋಗ ವಿಭಾಗದಲ್ಲಿ ವರ್ಷಕ್ಕೆ ಇಬ್ಬರೋ ಮೂವರೋ ಪಿಜಿಗಳಿದ್ದರೆ, ವಿಭಾಗ, ವರ್ಷ, ಲಿಂಗ ಈ ಮೂರನ್ನು ಕೇಳಿದ ಕೂಡಲೇ ಆ ವ್ಯಕ್ತಿ ಯಾರೆಂದು ಹೆಸರು ಹೇಳದೆಯೇ ಗೊತ್ತಾಗುತ್ತದೆ. ‘ಕ್ಲಿನಿಕಲ್’ ಅಥವಾ ‘ಕ್ಲಿನಿಕಲ್ ಅಲ್ಲದ’ ಎಂಬ ಎರಡೇ ಗುಂಪು ಮತ್ತು ಪಿಜಿಯ ವರ್ಷ ಸಾಕು. ಕಾಗದದ ಮೇಲೆ ಮುದ್ರಿಸಿ, ಮುಚ್ಚಿದ ಪೆಟ್ಟಿಗೆಯಲ್ಲಿ ಹಾಕಿಸಿ, ಕೋಣೆಯಲ್ಲಿ ಯಾವ ವಿಭಾಗ ಮುಖ್ಯಸ್ಥರೂ ಗೈಡೂ ಇರದಂತೆ ನೋಡಿಕೊಳ್ಳಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ನೈತಿಕ ಮಾರ್ಗಸೂಚಿ ಅಧೀನ ಸ್ಥಾನದಲ್ಲಿರುವ ವಿದ್ಯಾರ್ಥಿಗಳನ್ನು ವಿಶೇಷ ರಕ್ಷಣೆ ಬೇಕಾದವರ ಸಾಲಿನಲ್ಲಿ ಇರಿಸಿದೆ. ಭಾಗವಹಿಸದಿದ್ದರೆ ಏನೂ ಆಗುವುದಿಲ್ಲ ಎಂಬುದು ಒಪ್ಪಿಗೆ ಪತ್ರದಲ್ಲಿ ಮಾತ್ರವಲ್ಲ, ನಡೆಸುವ ರೀತಿಯಲ್ಲೂ ಕಾಣಬೇಕು. ‘ನೀವು ಎಂದಾದರೂ ನಕಲು ಮಾಡಿದ್ದೀರಾ?’ ಎಂಬ ನೇರ ಪ್ರಶ್ನೆಗೆ ಬರುವ ಉತ್ತರ ವಾಸ್ತವಕ್ಕಿಂತ ಕಡಿಮೆಯೇ ಇರುತ್ತದೆ ಎಂದು ತಿಳಿದು ಬಳಸಿ. ಯಾರ ಉತ್ತರ ಏನೆಂದು ತಿಳಿಯದಂತೆ ಆಕಸ್ಮಿಕ ಆಯ್ಕೆಯಿಂದ ಗುಟ್ಟು ಕಾಯುವ ರ‍್ಯಾಂಡಮೈಸ್ಡ್ ರೆಸ್ಪಾನ್ಸ್ ವಿಧಾನಕ್ಕೆ ನಿಮ್ಮ ಸಂಖ್ಯೆ ಸಾಲದು.

ಮುಂದೆ ಕಾರ್ಯಾಗಾರ ಮಾಡಿ, ಅದರ ಮೊದಲು ಮತ್ತು ಆಮೇಲೆ ಅಳೆಯುವ ಯೋಚನೆ ನಿಮಗಿದ್ದರೆ, ಉಪನ್ಯಾಸ ಮುಗಿದ ಸಂಜೆಯೇ ಅದೇ ಪ್ರಶ್ನೆಗಳನ್ನು ಮತ್ತೆ ಕೊಡಬೇಡಿ. ಆಗ ಅಳೆಯುವುದು ನೆನಪನ್ನು ಮಾತ್ರ. ಮೂರು ತಿಂಗಳು ಬಿಟ್ಟು, ಅಷ್ಟೇ ಕಠಿಣವಾದ ಬೇರೆ ಪ್ಯಾರಾಗಳನ್ನು ಕೊಡಿ, ಸಾಧ್ಯವಾದರೆ ಅರ್ಧ ಮಂದಿಗೆ ಕಾರ್ಯಾಗಾರವನ್ನು ತಡವಾಗಿ ಮಾಡಿ ಹೋಲಿಸಿ. ಇದಕ್ಕಾಗಿ ಈಗಲೇ 16ರ ಬದಲು 32 ಪ್ಯಾರಾಗಳನ್ನು ಸಿದ್ಧಪಡಿಸಿ ಪೈಲಟ್ ಮಾಡಿಕೊಳ್ಳುವುದು ಜಾಣತನ. ಅಧ್ಯಯನ ಪ್ರಕಟವಾಗುವಾಗ ಅನುಬಂಧದಲ್ಲಿ ಒಂದು ಕಂತನ್ನು ಕೀಲಿಸಮೇತ ಪೂರ್ತಿಯಾಗಿ ಕೊಡಿ, ಬೇರೆ ಕಾಲೇಜಿನವರಿಗೆ ಅದು ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಕಂತನ್ನು ನಿಮ್ಮ ಮುಂದಿನ ಬ್ಯಾಚ್‌ಗಾಗಿ ವಿಭಾಗದ ಬೀರುವಿನಲ್ಲಿ ಉಳಿಸಿಕೊಳ್ಳಿ.